ಚಪ್ಪಡಿಯಡಿಯ ಬಾವಿ

ಹಿತ್ತಲ ಬಾವಿಗೆ ಒಂದೇ ಹಂಬಲ, ಮನೆಯೊಡತಿ ನೀಲವ್ವ ಇನ್ನೊಮ್ಮೆ ತನ್ನ ನೀರು ಕುಡಿಯಬೇಕು. ನೀಲವ್ವನೋ, ಕೊಳವೆಬಾವಿ ಕೊರೆಸಿದ ಮೇಲೆ ಹಳೆಯ ಬಾವಿಗೆ ಚಪ್ಪಡಿ ಹೊದಿಸಿ, ಪಾಯಿಖಾನೆಯ ಪೈಪನ್ನು ಅದಕ್ಕೇ ಬಿಡಿಸಿದ್ದಳು.

"ಹೊಲಸನ್ನೆಲ್ಲ ಹೊಟ್ಟೆಗೆ ಹಾಕಿಕೊಂಡೂ ಅವಳ ಜಪ ಬಿಟ್ಟಿಲ್ಲವಲ್ಲ ಅಜ್ಜಿ," ಎಂದು ಕೊಳವೆಬಾವಿ ಅಣಕಿಸಿತು. "ಪುಣ್ಯಕ್ಕೆ ನಾನು ಆರುನೂರು ಅಡಿ ಆಳದವಳು. ನಿನ್ನ ಗಲೀಜು ನನ್ನವರೆಗೆ ಬಂದೀತೆ?"

"ಬಂಡೆಯ ಬಿರುಕಿನಲ್ಲಿ ನನ್ನ ನೀರು ನಿನ್ನ ಕಡೆಗೇ ಇಳಿಯುತ್ತದೆ, ಮಗಳೇ."

"ಇಳಿಯುವಷ್ಟರಲ್ಲಿ ಸೋಸಿಹೋಗುತ್ತದೆ ಬಿಡು."

"ಮಣ್ಣು ಸೋಸುತ್ತದೆ. ಬಿರುಕು ಸೋಸುವುದಿಲ್ಲ."

ಅಷ್ಟರಲ್ಲಿ ನೀಲವ್ವ ಮೋಟಾರು ಹಾಕಿ ನಲ್ಲಿಗೆ ಚೊಂಬು ಹಿಡಿದಳು. ಅದರಲ್ಲಿ ಬಿದ್ದದ್ದು ತನ್ನದೇ ನೀರೆಂದು ಬಾವಿಗೆ ಗೊತ್ತಾಯಿತು. ಇಷ್ಟು ವರ್ಷ ಅವಳು ಕುಡಿಯಲಿ ಎಂದು ಕಾದಿದ್ದ ಮುದುಕಿ ಬಾವಿ, ಚಪ್ಪಡಿಯಡಿಯಿಂದ "ಬೇಡ ತಾಯಿ, ಕುಡಿಯಬೇಡ" ಎಂದು ಅಂಗಲಾಚಿದಳು.

ನೀಲವ್ವ ಗಟಗಟನೆ ಕುಡಿದು ಬಾಯೊರೆಸಿಕೊಂಡಳು.