ಕಿರೀಟದೊಳಗಿನ ಮೊಳೆ

“ಮಾಸ್ತರ್ರೇ, ಅಳಿಸಿ ಮತ್ತೆ ಹಾಕಿದರೂ ಪುಟ ಜೋಡಿಸುವ ಈ ಪ್ರೋಗ್ರಾಂ ತೆರೆದ ಕೂಡಲೇ ಯಾಕೆ ಸಾಯುತ್ತದೆ?” ಎಂದು ರೇಣವ್ವ ಕೇಳಿದಳು.

“ತಪ್ಪು ನಿನ್ನದು. ಅದರ ಬಾಯಿಗೆ ಬಟ್ಟೆ ತುರುಕಿದವಳು ನೀನೇ” ಎಂದರು ಕಂಪ್ಯೂಟರ್ ಕಲಿಸುವ ಫಕೀರಪ್ಪ ಮಾಸ್ತರರು.

ರೇಣವ್ವನಿಗೆ ಸಿಟ್ಟು ಬಂತು. ಹತ್ತಿ ಮಿಲ್ಲಿನಲ್ಲಿ ಹೆಂಗಸರು ಯಂತ್ರದ ಮುಂದೆಯೇ ಎಚ್ಚರ ತಪ್ಪಿ ಬೀಳುತ್ತಿದ್ದರು. ಮಾಲೀಕ ಬಿದ್ದವರನ್ನು ಮನೆಗೆ ಅಟ್ಟಿ ಹೊಸಬರನ್ನು ತಂದು ನಿಲ್ಲಿಸುತ್ತಿದ್ದ. ಏನಾಯಿತೆಂದು ಒಬ್ಬರನ್ನೂ ಕೇಳಿರಲಿಲ್ಲ. ಅದರ ವಿರುದ್ಧ ಒಂದು ಕರಪತ್ರವನ್ನು ಅವಳು ಕಾರ್ಮಿಕ ಸಂಘದ, ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿದ ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದಳು. ನಾಳೆ ಬೆಳಗಿನ ಪಾಳಿಗೆ ಅದನ್ನು ಮಿಲ್ಲಿನ ಬಾಗಿಲಲ್ಲಿ ಹಂಚಲೇಬೇಕು. “ಪುಕ್ಕಟೆ ಬಂದದ್ದು ಪುಕ್ಕಟೆ ಸತ್ತಿತು” ಎಂದು ಸಂಘದ ಕಾರ್ಯದರ್ಶಿ ನಕ್ಕು ಹೋಗಿದ್ದ.

“ನಾನೇನು ಮಾಡಿದೆ? ಐಕಾನ್ ಒತ್ತಿದೆ, ಅಷ್ಟೇ.”

“ಅದೇ ತಪ್ಪು. ಆಜ್ಞೆ ಬರೆಯುವ ಕಿಟಕಿ ಇದೆಯಲ್ಲ, ಆ ಟರ್ಮಿನಲ್‌ನಲ್ಲಿ ಪ್ರೋಗ್ರಾಮಿನ ಹೆಸರು ಬರೆದು ನಡೆಸಿದರೆ, ಬೀಳುವ ಮುಂಚೆ ಏನಾಯಿತೆಂದು ಅದೇ ಹೇಳುತ್ತದೆ. ಐಕಾನ್ ಒತ್ತಿದರೆ ಆ ಮಾತು ಯಾರಿಗೂ ಕೇಳಿಸುವುದಿಲ್ಲ. ಕೂತುಕೋ, ಒಂದು ಕತೆ ಹೇಳುತ್ತೇನೆ.”

ಒಂದು ನಾಟಕ ಕಂಪನಿ ಇತ್ತು. ಅದರ ಯಜಮಾನನ ಬಳಿ ಒಂದು ಹಿತ್ತಾಳೆ ಕಿರೀಟ ಇತ್ತು. ಅದನ್ನು ಅವನು ತನ್ನ ಮನೆಯ ಪೆಟ್ಟಿಗೆಯಲ್ಲೇ ಇಡುತ್ತಿದ್ದ. ರಾಜನ ಪಾತ್ರದವನು ಅದನ್ನು ತೊಟ್ಟು ರಂಗಕ್ಕೆ ಬಂದ. ತಲೆ ಎತ್ತಿದವನೇ ಕಿರುಚಿ ಬಿದ್ದ.

“ಹಾರ್ಮೋನಿಯಂ ಜೋರಾಗಿ ಬಾರಿಸೋ, ಮಂದಿಗೆ ಕೇಳಿಸಬಾರದು!” ಎಂದ ಯಜಮಾನ. ಬಿದ್ದವನನ್ನು ಹಿಂಬಾಗಿಲಿನಿಂದ ಹೊರಗೆ ಹಾಕಿದ. ಹೊಸ ನಟನನ್ನು ತಂದ. ಅದೇ ಕಿರೀಟ ತೊಡಿಸಿದ. ಅವನೂ ಬಿದ್ದ. ಪರದೆ ಬದಲಾಯಿಸಿದರು, ಸಿಂಹಾಸನ ಬದಲಾಯಿಸಿದರು, ಕೊನೆಗೆ ಊರನ್ನೇ ಬದಲಾಯಿಸಿದರು. ರಾಜರು ಬೀಳುತ್ತಲೇ ಇದ್ದರು. ಈಗಿನ ನಟರಲ್ಲಿ ಕಸುವಿಲ್ಲ ಎಂದು ಯಜಮಾನ ಬೈದುಕೊಂಡು ತಿರುಗಿದ.

ಆಮೇಲೆ ಒಬ್ಬ ಹಟಮಾರಿ ನಟ ಬಂದ. ಅವನೂ ತಲೆ ಎತ್ತಿದ, ಅವನೂ ಕಿರುಚಿದ. ಆದರೆ ಬೀಳುವ ಮುಂಚೆ ಹಾರ್ಮೋನಿಯಂಗೆ ಒದ್ದ. ಸಂಗೀತ ನಿಂತಿತು. ಅವನ ಮಾತು ಇಡೀ ಟೆಂಟಿಗೆ ಕೇಳಿಸಿತು.

“ಕಿರೀಟದೊಳಗೆ ಮೊಳೆ ಇದೆಯಲ್ಲೋ ಯಜಮಾನಾ!”

ಯಜಮಾನ ಕಿರೀಟ ತಿರುಗಿಸಿ ನೋಡಿದ. ಮೊಳೆ ಇತ್ತು. ಹಿಂದಲೆಗೆ ಚುಚ್ಚುವಂತೆ ಒಳಮುಖವಾಗಿತ್ತು.

“ಇಷ್ಟೇ ತಾನೇ? ಹಿಂದಿನವರೂ ಬಾಯಿಬಿಟ್ಟು ಹೇಳಬಾರದಿತ್ತೇ?” ಎಂದ.

ರೇಣವ್ವ ನಕ್ಕುಬಿಟ್ಟಳು. “ನನ್ನ ಪ್ರೋಗ್ರಾಮಿನಲ್ಲಿ ಆ ಮೊಳೆ ಯಾವುದು, ಮಾಸ್ತರ್ರೇ?”

“ಪ್ರೋಗ್ರಾಂ ಅಳಿಸಿದರೂ ಅದರ ಹಳೆಯ ಸೆಟ್ಟಿಂಗ್ ನಿನ್ನ ಫೋಲ್ಡರಿನಲ್ಲೇ ಉಳಿದಿರುತ್ತದೆ. ಅದೇ ಇರಬಹುದು. ಬೇರೇನೋ ಇರಬಹುದು. ನನ್ನನ್ನೇಕೆ ಕೇಳುತ್ತೀ? ಬಿದ್ದವನು ನಾನಲ್ಲ.”

ಮೇಜಿನ ಮೇಲೆ ಕರಪತ್ರದ ಕರಡು ಇತ್ತು. ಮಾಲೀಕನನ್ನು ಕುರಿತು ರೇಣವ್ವನೇ ದಪ್ಪ ಅಕ್ಷರದಲ್ಲಿ ಬರೆದ ತಲೆಬರಹ: ‘ಬಿದ್ದವರನ್ನು ಬದಲಾಯಿಸಬೇಡ, ಅವರ ಮಾತು ಕೇಳು!’ ಮಾಸ್ತರರು ಅದರ ಮೇಲೆ ಬೆರಳಿಟ್ಟರು. ರೇಣವ್ವನ ನಗು ನಿಂತಿತು.

“ಮಾಲೀಕನಿಗೆ ನಾಳೆ ಹೇಳುವೆಯಂತೆ, ಈಗ ಏಳು, ಟರ್ಮಿನಲ್ ತೆರೆ, ಮೊದಲು ನೀನು ಕೇಳು.”