ಕೆಂಜಿಗದ ಮರಿಗೆ ಹೊದಿಕೆ ಇಲ್ಲ ಯಾಕೆ?

ಆಗ ಲೋಕಕ್ಕೆ ಇನ್ನೂ ಹೊಸ ಮಡಕೆಯ ವಾಸನೆ ಇತ್ತು. ಬೆಟ್ಟಗಳ ಮೈ ಪೂರ್ತಿ ಆರಿರಲಿಲ್ಲ. ನದಿಗಳು ಯಾವ ಕಡೆ ಹರಿಯಬೇಕು ಅಂತ ತಿಳಿಯದೆ ಎದುರು ಸಿಕ್ಕವರನ್ನೆಲ್ಲ ದಾರಿ ಕೇಳುತ್ತಿದ್ದವು. ಅಂಥ ಒಂದು ಬೆಳಗ್ಗೆ ಭೂಮಿತಾಯಿ ಎಲ್ಲರನ್ನೂ ಕೂಗಿ ಕರೆದಳು.

"ಬನ್ನಿ, ಬನ್ನಿ! ಮನೆ ಕಟ್ಟೋಕೆ ಜಾಗ ಹಂಚ್ತಾ ಇದೀನಿ. ಮೊದಲು ಬಂದೋರಿಗೆ ಮೊದಲು!"

ಇಲಿ ಓಡಿ ಬಂತು, ಹೊಲದ ಬದು ಸಿಕ್ಕಿತು. ಏಡಿ ಬಂತು, ಹೊಳೆಯ ದಂಡೆ ಸಿಕ್ಕಿತು. ಗೆದ್ದಲು ಬಂತು, ಬಯಲಿನಲ್ಲಿ ಒಳ್ಳೇ ಕೆಮ್ಮಣ್ಣಿನ ದಿಬ್ಬ ಸಿಕ್ಕಿತು. ಕಪ್ಪಿರುವೆ ಬಂತು, ಬೇಲಿಯ ಬುಡ ಸಿಕ್ಕಿತು. ಕೆಂಪು ಇರುವೆಗಳದ್ದು, ಅದೇ ನಮ್ಮ ಕೆಂಜಿಗಗಳದ್ದು, ಮಾತ್ರ ಪತ್ತೆಯೇ ಇಲ್ಲ.

ಎಲ್ಲಿದ್ದರು ಅಂತೀರಿ? ದಾರಿಯಲ್ಲೇ ಇದ್ದರು! ಈ ಕೆಂಜಿಗಗಳಿಗೆ ಒಂದು ಚಾಳಿ. ಎದುರಿಗೆ ತಮ್ಮವರು ಯಾರೇ ಬರಲಿ, ನಿಲ್ಲಬೇಕು, ಮೀಸೆಗೆ ಮೀಸೆ ತಾಗಿಸಬೇಕು, "ಊಟ ಆಯ್ತಾ? ನಿದ್ದೆ ಬಂತಾ? ಮಕ್ಕಳು ಹೇಗಿವೆ?" ಅಂತ ವಿಚಾರಿಸಬೇಕು. ಈಗ ತಾನೇ ವಿಚಾರಿಸಿದ್ದರೂ ತಿರುಗಿ ಬರುವಾಗ ಮತ್ತೆ ವಿಚಾರಿಸಬೇಕು. ಹೀಗೆ ವಿಚಾರಿಸುತ್ತ, ವಿಚಾರಿಸುತ್ತ ಭೂಮಿತಾಯಿಯ ಹತ್ತಿರ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು.

"ಅಯ್ಯೋ ನನ್ನ ಮಕ್ಕಳಾ, ಈಗ ಬಂದ್ರಾ!" ಅಂತ ಭೂಮಿತಾಯಿ ಹಣೆ ಚಚ್ಚಿಕೊಂಡಳು. "ನೆಲ ಎಲ್ಲಾ ಖಾಲಿ ಆಯ್ತಲ್ಲ. ಇನ್ನು ಮೇಲೇ ನೋಡ್ಕೋಬೇಕು ನೀವು."

ಮೇಲೆ ಏನಿತ್ತು? ಬಯಲಿನ ನಡುವೆ ಒಂದು ಮಾವಿನ ಮರ ಇತ್ತು, ಅಷ್ಟೇ.

ಮಾವಿನ ಮರ ಒಳ್ಳೆಯವಳು, ಆದರೆ ಮಾತು ಖಂಡಿತ. "ಬನ್ನಿ, ಇರಿ. ಬೇಡ ಅನ್ನಲ್ಲ. ಆದ್ರೆ ಒಂದು ಎಲೆ ಕಿತ್ತರೂ ಆ ಕ್ಷಣವೇ ಇಳಿಸಿಬಿಡ್ತೀನಿ. ನಾನು ಉಸಿರಾಡೋದು ಎಲೆಯಿಂದ, ಅಡುಗೆ ಮಾಡ್ಕೊಳ್ಳೋದೂ ಎಲೆಯಿಂದ. ತಿಳೀತಾ?" ಅಂದಳು. ತಿಳಿಯಿತು ಅಂತ ಎಲ್ಲರೂ ಮೀಸೆ ಆಡಿಸಿದರು.

ಹೀಗೆ ಕೆಂಜಿಗಗಳು ಮರ ಹತ್ತಿದರು. ಅವರನ್ನೆಲ್ಲ ಹೆತ್ತ ದೊಡ್ಡವ್ವ ಒಂದು ಕವಲಿನಲ್ಲಿ ಕೂತಳು. ಅವಳ ಸುತ್ತ ಮೊಟ್ಟೆಗಳು, ಮರಿಗಳು. ಒಂದೊಂದು ಮರಿಯನ್ನೂ ಒಬ್ಬೊಬ್ಬ ಅಕ್ಕ ನೋಡಿಕೊಳ್ಳುತ್ತಿದ್ದಳು. ಕೆಂಚಿ ಅನ್ನುವ ಅಕ್ಕನ ಪಾಲಿಗೆ ಬಂದವಳು ನುಚ್ಚಿ. ನುಚ್ಚಕ್ಕಿಯ ಕಾಳಿನಷ್ಟೇ ಇದ್ದಳು, ಅದಕ್ಕೇ ಆ ಹೆಸರು. ಕಾಲಿಲ್ಲ, ಕಣ್ಣಿಲ್ಲ, ಮಾತು ಮಾತ್ರ ಬೇಕಾದಷ್ಟು ಇತ್ತು.

"ಅಕ್ಕಾ, ನಂಗೆ ಹೊದಿಕೆ ಯಾವಾಗ?"

ಇದೊಂದೇ ಪ್ರಶ್ನೆ, ಬೆಳಗಿನಿಂದ ಸಂಜೆವರೆಗೆ. ಆ ಕಾಲದಲ್ಲಿ ಕೆಂಜಿಗದ ಮರಿಗಳ ಬಾಯಲ್ಲೂ ರೇಷ್ಮೆ ಹುಳುವಿನ ಹಾಗೆ ನೂಲು ಬರುತ್ತಿತ್ತು. ಹೊತ್ತು ಕೂಡಿ ಬಂದಾಗ ಮರಿ ಆ ನೂಲಿನಿಂದ ಮೈ ತುಂಬ ಹೊದಿಕೆ ನೇಯ್ದುಕೊಂಡು ಒಳಗೆ ಮಲಗುತ್ತಿತ್ತು. ಎದ್ದಾಗ ಆರು ಕಾಲಿನ ಕೆಂಪು ಇರುವೆ! ಆದರೆ ಒಬ್ಬರಿಗೆ ಒಂದೇ ಸಲದ ನೂಲು. ಮುಗಿದರೆ ಮುಗಿಯಿತು.

"ಇನ್ನೇನು ಬಂತಲ್ಲ ನಿನ್ನ ಸರದಿ," ಅನ್ನುತ್ತಿದ್ದಳು ಕೆಂಚಿ. "ಎಷ್ಟು ಚೆಂದದ ಹೊದಿಕೆ ನೇಯ್ತೀಯೋ ನೋಡೋಣ."

ಅಷ್ಟರಲ್ಲಿ ಬೇಸಗೆ ಬಂತು. ಕವಲಿನ ಮೇಲೆ ನೇರ ಬಿಸಿಲು. ಅಂಚಿನಲ್ಲಿದ್ದ ಒಂದಿಷ್ಟು ಮೊಟ್ಟೆಗಳು ಸುಕ್ಕುಗಟ್ಟಿ ಸತ್ತೇ ಹೋದವು. ದೊಡ್ಡವ್ವ ಉಳಿದ ಮೊಟ್ಟೆಗಳ ಮೇಲೆ ತನ್ನ ಮೈಯನ್ನೇ ಚಾಚಿ ನೆರಳು ಮಾಡಿದಳು. ಅದನ್ನು ನೋಡಿ ಕೆಂಚಿಯೂ ನುಚ್ಚಿಯನ್ನು ತನ್ನ ಮೈಯಡಿಗೆ ಎಳೆದುಕೊಂಡಳು.

ಸಣ್ಣ ಗಾಳಿ ಕೊಂಬೆ ಸವರಿಕೊಂಡು ಹೋದ. "ನಂದೇನೂ ಇಲ್ಲಮ್ಮ, ನಾನು ಪಾಪದವನು," ಅಂದ. "ನಮ್ಮಣ್ಣ ಬಿಸಿಗಾಳಿ ಹೊರಟಿದಾನೆ. ಹಾದಿಯಲ್ಲಿ ಕೆರೆಗಳನ್ನೇ ಕುಡ್ಕೊಂಡು ಬರ್ತಿದಾನೆ. ಮನೆ ಇಲ್ಲದೋರು ಹುಷಾರು!"

ಮನೆ ಬೇಕು. ಬಿಸಿಗಾಳಿ ಬರುವುದರೊಳಗೆ ಬೇಕು. ಇಲ್ಲದಿದ್ದರೆ ಮೊಟ್ಟೆಗಳೂ ಉಳಿಯುವುದಿಲ್ಲ, ನುಚ್ಚಿಯೂ ಉಳಿಯುವುದಿಲ್ಲ.

ಕೆಂಚಿ ನುಚ್ಚಿಯನ್ನು ಬಾಯಲ್ಲಿ ಕಚ್ಚಿಕೊಂಡು ಕೆಳಗಿಳಿದು, ಗೆದ್ದಲಜ್ಜನ ಹತ್ತಿರ ಓಡಿದಳು. ಊರಿಗೆಲ್ಲ ದೊಡ್ಡ ಕಟ್ಟಡಗಾರ ಅಂದರೆ ಅವನೇ. ಅವನ ಹುತ್ತ ಆನೆಗಿಂತ ಎತ್ತರ, ಒಳಗೆ ಕಾಲಿಟ್ಟರೆ ಬಾವಿಯೊಳಗಿನ ತಂಪು.

"ಇದೇನು ಮಹಾ ವಿದ್ಯೆ?" ಅಂದ ಗೆದ್ದಲಜ್ಜ, ಹೆಮ್ಮೆಯಿಂದ ಹೊಟ್ಟೆ ಸವರಿಕೊಳ್ಳುತ್ತ. "ಬಿಸಿ ಉಸಿರು ಮೇಲಕ್ಕೆ ಹೋಗುತ್ತೆ, ಅದಕ್ಕೆ ನೆತ್ತಿಯಲ್ಲೊಂದು ಗಂಡಿ. ತಣ್ಣನೆ ಉಸಿರು ನೆಲದಿಂದ ಬರುತ್ತೆ, ಅದಕ್ಕೊಂದು ಸುರಂಗ. ನನ್ನ ಮನೆ ತಾನೇ ಉಸಿರಾಡುತ್ತೆ ಕಣಮ್ಮ. ಬೀಸಣಿಗೆ ಬೀಸೋಕೆ ಆಳು ಬೇಕಾಗಿಲ್ಲ. ತಗೋ, ಬೇಕಾದಷ್ಟು ಮಣ್ಣು ತಗೊಂಡು ಹೋಗು."

ಕೆಂಜಿಗಗಳು ಮಣ್ಣು ಹೊತ್ತರು. ಹೊತ್ತೂ ಹೊತ್ತೂ ಸುಸ್ತಾದರು. ಕೊಂಬೆಯ ಮೇಲೆ ಗೋಡೆ ಎದ್ದಿತು. ಸಣ್ಣ ಗಾಳಿ ಬಂದು ಕೊಂಬೆಯನ್ನು ಒಮ್ಮೆ ಅಲ್ಲಾಡಿಸಿದ, ಗೋಡೆಯೆಲ್ಲ ಉದುರಿ, ನೋಡಲು ಬಂದು ಕೆಳಗೆ ನಿಂತಿದ್ದ ಗೆದ್ದಲಜ್ಜನ ನೆತ್ತಿಯ ಮೇಲೇ ಬಿತ್ತು.

"ಥೂ! ನನ್ನ ಮಣ್ಣು ನನ್ನ ತಲೆಗೇ!" ಅಂತ ಅಜ್ಜ ಮೈ ಕೊಡವಿಕೊಂಡ. ಆಮೇಲೆ ಕೆಂಚಿಯ ಮುಖ ನೋಡಿ ದನಿ ತಗ್ಗಿಸಿದ. "ನನ್ನ ಮನೆ ನೆಲದ ಮನೆ. ನೆಲ ಅಲ್ಲಾಡಲ್ಲ. ನೀನಿರೋದು ಅಲ್ಲಾಡೋ ಜಾಗದಲ್ಲಿ, ಮಗಳೇ. ನನ್ನನ್ನ ನೋಡಿ ಕಟ್ಟಬೇಡ. ನೀನಿರೋ ಜಾಗ ನೋಡಿ ಕಟ್ಟು."

ಕೆಂಚಿಗೆ ಅಳು ಬಂತು. ಅಳುತ್ತಲೇ ಮರ ಹತ್ತಿದಳು. ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ನುಚ್ಚಿಗೆ ಬಿಸಿಲು ತಾಗದಿರಲಿ ಅಂತ ಒಂದು ಎಲೆಯ ಅಡಿಗೆ ನುಸುಳಿದಳು.

"ಅಕ್ಕಾ, ಇಲ್ಲಿ ತಣ್ಣಗಿದೆ!" ಅಂದಳು ನುಚ್ಚಿ.

ಹೌದಲ್ಲ! ಕೆಂಚಿ ಎಲೆಗೆ ಕೆನ್ನೆ ಕೊಟ್ಟು ನೋಡಿದಳು. ಎಲೆಯ ಆಚೆ ಬೆಂಕಿಯಂಥ ಬಿಸಿಲು, ಈಚೆ ತಂಪು. ಬೇರು ಆಳದಿಂದ ನೀರು ಸೇದಿ ಕಳಿಸುತ್ತಿತ್ತು, ಎಲೆ ಅದನ್ನು ಕುಡಿದು, ಮೆಲ್ಲಗೆ ಬೆವರಿ, ಮೈ ತಂಪು ಮಾಡಿಕೊಳ್ಳುತ್ತಿತ್ತು. ಗಾಳಿ ಬಂದರೆ ಬಗ್ಗುತ್ತಿತ್ತು, ಹೋದರೆ ನೆಟ್ಟಗಾಗುತ್ತಿತ್ತು. ಇಷ್ಟು ದಿನ ತಲೆಯ ಮೇಲೇ ಇತ್ತು, ತಲೆ ಎತ್ತಿ ನೋಡಿರಲಿಲ್ಲ ಪುಣ್ಯಾತ್ಗಿತ್ತಿಯರು!

"ಮರತಾಯಿ, ಎಲೆ ಕೀಳಲ್ಲ. ಬಗ್ಗಿಸಬಹುದಾ?"

ಮರ ಒಂದು ಎಲೆ ಬಗ್ಗಿಸಿ ನೋಡಿಕೊಂಡಳು. "ಬಗ್ಗಿಸು. ಗಾಳಿ ದಿನಾ ಬಗ್ಗಿಸ್ತಾನೆ, ನೋವಾಗಲ್ಲ. ಕಿತ್ತರೆ ಮಾತ್ರ ನೋವು."

ಕೆಂಚಿ ಕೂಗಿದ್ದೇ ತಡ, ಅಕ್ಕಂದಿರೆಲ್ಲ ಓಡಿ ಬಂದರು. ಒಂದು ಎಲೆಯ ಅಂಚಿಗೆ ಒಬ್ಬಳು ಬಾಯಿ ಹಾಕಿದಳು. ಪಕ್ಕದ ಎಲೆ ದೂರ ಇತ್ತು. ಅವಳ ಸೊಂಟ ಹಿಡಿದು ಇನ್ನೊಬ್ಬಳು, ಇವಳ ಸೊಂಟ ಹಿಡಿದು ಮತ್ತೊಬ್ಬಳು. ಕೆಂಪನೆಯ ಸರಪಳಿ ನೇತಾಡಿತು. ಒಂದಲ್ಲ, ಅಂಥ ಎಷ್ಟೋ ಸರಪಳಿಗಳು. "ಎಳೀರೇ! ಬಿಡಬೇಡ್ರೇ!" ಎಲೆಗೆ ಎಲೆ ಹತ್ತಿರ ಬಂತು, ಅಂಚಿಗೆ ಅಂಚು ತಾಗಿತು. ಆಹಾ, ಏನು ಚೆಂದ! ಹಸಿರು ಗೋಡೆ, ಹಸಿರು ಸೂರು.

ಒಬ್ಬಳು ಸುಸ್ತಾಗಿ ಹಿಡಿತ ಬಿಟ್ಟಳು. ಪಟ್ ಅಂತ ಎಲೆ ಹಿಂದಕ್ಕೆ ಚಿಮ್ಮಿತು. ಪಾಪ, ಬಿಟ್ಟವಳು ಹಾರಿ ಹೋಗಿ ಮೂರನೇ ಕೊಂಬೆಯಲ್ಲಿ ಬಿದ್ದಳು.

ಮತ್ತೆ ಎಳೆದರು. ಎಳೆದು ಹಿಡಿದುಕೊಂಡೇ ಇದ್ದರು. ಆದರೆ ಎಷ್ಟು ಹೊತ್ತು ಹಿಡಿಯುತ್ತೀರಿ? ಬಯಲಿನ ತುದಿಯಲ್ಲಿ ಕೆಂಧೂಳು ಎದ್ದಿತ್ತು. ಬಿಸಿಗಾಳಿ ಬರುತ್ತಿದ್ದ.

ಕೆಂಚಿ ಎರಡು ಎಲೆಗಳ ಅಂಚಿನಲ್ಲಿ ನಿಂತಿದ್ದಳು. ಹಿಂಗಾಲು ಈ ಎಲೆಯಲ್ಲಿ, ಮುಂಗಾಲು ಆ ಎಲೆಯಲ್ಲಿ. ಬಾಯಲ್ಲಿ ನುಚ್ಚಿ. ಕೆಳಗೆ ಇಡಲು ಜಾಗವೇ ಎಲ್ಲಿತ್ತು? ಆಗ ನುಚ್ಚಿಯ ಮೂತಿ ಈಚೆಯ ಎಲೆಗೆ ತಾಗಿತು, ಆಚೆಯ ಎಲೆಗೆ ತಾಗಿತು. ನಡುವೆ ಸಣ್ಣದೊಂದು ಬಿಳೀ ಎಳೆ ಮಿಂಚಿತು.

"ಏಯ್! ಏನೇ ಮಾಡ್ತಿದೀಯಾ?" ಬಾಯಿ ತುಂಬ ನುಚ್ಚಿ ಇದ್ದುದರಿಂದ ಕೆಂಚಿಯ ಮಾತು ಅರ್ಧಂಬರ್ಧ ಬಂತು. "ನುಂಗೋ ಅದನ್ನ! ಅದು ನಿನ್ನ ಹೊದಿಕೆ!"

"ಅಂಟುತ್ತೆ ಅಕ್ಕಾ, ನೋಡು."

ನಿಜ. ಎಳೆ ಅಂಟಿತ್ತು. ಅಷ್ಟು ಅಂಚು ಮಾತ್ರ ಯಾರೂ ಹಿಡಿಯದಿದ್ದರೂ ನಿಂತಿತ್ತು.

"ಬೇಡ ನುಚ್ಚೀ. ಖಾಲಿ ಮಾಡ್ಕೊಂಡರೆ ಬರಿಮೈಯಲ್ಲಿ ಮಲಗಬೇಕಾಗುತ್ತೆ. ಬರಿಮೈಯಲ್ಲಿ ಮಲಗಿ ಎದ್ದೋರನ್ನ ನಾನಂತೂ ನೋಡಿಲ್ಲ." ಕೆಂಚಿ ನುಚ್ಚಿಯ ಮೂತಿಯನ್ನು ಎಲೆಯಿಂದ ಹಿಂದಕ್ಕೆ ಎಳೆದಳು.

"ನನ್ನ ಹೊದಿಕೆ ಒಳಗೆ ನಾನೊಬ್ಬಳೇ ಅಲ್ವಾ ಹಿಡಿಸೋದು?" ಅಂದಳು ನುಚ್ಚಿ. "ಇದರೊಳಗೆ ದೊಡ್ಡವ್ವನೂ ಹಿಡಿಸ್ತಾಳೆ. ನೀನೂ ಹಿಡಿಸ್ತೀಯ. ನನ್ನನ್ನ ಆ ಕಡೆ, ಈ ಕಡೆ ಮುಟ್ಟಿಸು ಅಕ್ಕಾ. ನಂಗೆ ಕಾಲಿಲ್ಲ."

ಕೆಂಚಿ ಕವಲಿನ ಕಡೆ ನೋಡಿದಳು. ಮೊಟ್ಟೆಗಳಿಗೆ ನೆರಳಾಗಿ ಮಲಗಿದ್ದ ದೊಡ್ಡವ್ವ ತಲೆ ಎತ್ತಿದಳು. "ಕೊಡ್ತೀನಿ ಅನ್ನೋಳು ಅವಳು. ಅವಳ ಕೈಕಾಲು ನೀನು. ಹೊಲಿ ಮಗಳೇ, ಹೊಲಿ," ಅಂದಳು.

ಕೆಂಚಿ ಹೊಲಿದಳು. ಮಗ್ಗದ ಲಾಳಿಯ ಹಾಗೆ ನುಚ್ಚಿಯನ್ನು ಆ ಎಲೆಗೆ ಮುಟ್ಟಿಸಿ, ಈ ಎಲೆಗೆ ಮುಟ್ಟಿಸಿ ಹೊಲಿದಳು. ಅದನ್ನು ನೋಡಿ ಉಳಿದ ಮರಿಗಳೂ ಸುಮ್ಮನಿರಲಿಲ್ಲ. "ನನ್ನನ್ನೂ ಎತ್ಕೋ! ನನ್ನನ್ನೂ ಎತ್ಕೋ!" ಅಂತ ಒಂದೇ ಗಲಾಟೆ. ಅಕ್ಕಂದಿರು ತಂತಮ್ಮ ಮರಿಯನ್ನು ಕಚ್ಚಿಕೊಂಡು ಬಂದರು. ಆ ಕಡೆ, ಈ ಕಡೆ. ಆ ಕಡೆ, ಈ ಕಡೆ. ಬಿಳೀ ನೂಲಿನ ಬಟ್ಟೆ ಎಲೆಗಳ ನಡುವೆ ಹರಡಿತು.

ದೊಡ್ಡವ್ವನನ್ನೂ ಮೊಟ್ಟೆಗಳನ್ನೂ ಒಳಗೆ ಸಾಗಿಸಿದರು. ಕೊನೆಯ ಅಂಚನ್ನು ಹೊಲಿಯುವಾಗ ನುಚ್ಚಿಯ ನೂಲು ಮುಗಿಯಿತು. ಅದೇ ಹೊತ್ತಿಗೆ ಬಿಸಿಗಾಳಿ ಬಂದು ಅಪ್ಪಳಿಸಿದ.

ಅಬ್ಬಬ್ಬ! ಏನು ರಭಸ, ಏನು ಉರಿ! ಹಸಿರು ಚೆಂಡಿನಂಥ ಮನೆಯನ್ನು ಹಿಡಿದು ತಳ್ಳಿದ. ಮನೆ ಕೊಂಬೆಯ ಜೊತೆ ತೂಗಿತು. ಈಚೆಯಿಂದ ತಳ್ಳಿದ, ಆಚೆಗೆ ತೂಗಿತು.

"ಇದೆಂಥ ಮನೆ ಮಾರಾಯ್ತಿ!" ಅಂತ ಬಿಸಿಗಾಳಿ ಮರವನ್ನು ಬೈದ. "ತಳ್ಳಿದರೆ ಜೊತೆಗೇ ಬರುತ್ತೆ. ಒಣಗಿಸೋಣ ಅಂದ್ರೆ ಗೋಡೆ ನೀರು ಕುಡೀತಾ ಇದೆ!"

"ಕುಡೀದೆ ಏನು? ಅದು ನನ್ನ ಎಲೆ," ಅಂದಳು ಮರ, ಗತ್ತಿನಿಂದ. ಬಿಸಿಗಾಳಿ ಗೊಣಗುತ್ತ ಗುಡ್ಡದ ಕಡೆ ಹೋದ.

ಒಳಗೆ ನುಚ್ಚಿ ಬರಿಮೈಯಲ್ಲಿ ಮಲಗಿದ್ದಳು. ಹೊದಿಕೆ ಇಲ್ಲ, ಏನೂ ಇಲ್ಲ. ಮಾತೂ ನಿಂತಿತ್ತು. ಬಾಯಿ ಬಿಡದಿದ್ದ ನುಚ್ಚಿಯನ್ನು ಕೆಂಚಿ ಎಂದೂ ನೋಡಿರಲಿಲ್ಲ. ಊಟ ಬಿಟ್ಟು ಪಕ್ಕದಲ್ಲೇ ಕೂತಳು. ಅತ್ತಿತ್ತ ಹೋಗುವವರು ಮೀಸೆ ತಾಗಿಸಿ ವಿಚಾರಿಸಿದರೆ, ಕೆಂಚಿ ತಿರುಗಿಯೂ ನೋಡದೆ ನುಚ್ಚಿಯ ಮೈ ಸವರುತ್ತಿದ್ದಳು. ಗೋಡೆಯಿಂದ ತಂಪು ಇಳಿಯುತ್ತಿತ್ತು, ಅದೊಂದೇ ಧೈರ್ಯ.

ಒಂದು ಬೆಳಗ್ಗೆ ನುಚ್ಚಿಯ ಬಿಳೀ ಮೈ ಕೆಂಪಾಗಿ ತಿರುಗಿತು. ಒಂದು ಕಾಲು ಅಲ್ಲಾಡಿತು. ಇನ್ನೊಂದು ಅಲ್ಲಾಡಿತು. ಹೊಸ ಕಣ್ಣು ತೆರೆದು ಸೂರನ್ನೂ ಗೋಡೆಯನ್ನೂ ನೋಡಿ, ಮೂಲೆಯ ಒಂದು ಹೊಲಿಗೆಯ ಹತ್ತಿರ ತಡವರಿಸುತ್ತ ಹೋಗಿ ನಿಂತಳು.

"ಅಕ್ಕಾ, ಇದು ನಾನು ಹೊಲಿದಿದ್ದು."

"ಹೂಂ ಕಣೇ, ನನ್ನ ರಾಣಿ. ನೀನೇ ಹೊಲಿದಿದ್ದು," ಅಂದಳು ಕೆಂಚಿ. ಅವಳ ಎದೆ ಹೆಮ್ಮೆಯಿಂದ ಎಷ್ಟು ಉಬ್ಬಿತು ಅಂದರೆ, ಬಾಗಿಲಲ್ಲಿ ಹಾಯುವುದೇ ಕಷ್ಟವಾಯಿತು. ಆಮೇಲೆ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳಿದಳು, ಹೇಳಿದವರಿಗೇ ಮತ್ತೆ ಹೇಳಿದಳು.

ಮಳೆ ಬಂತು, ನೀರು ಎಲೆಯ ಬೆನ್ನ ಮೇಲಿಂದ ಜಾರಿ ಹೋಯಿತು. ಚಳಿ ಬಂತು, ಸೂರ್ಯ ಮರದ ಇನ್ನೊಂದು ಮಗ್ಗುಲಿಗೆ ಸರಿದ. ಕೆಂಜಿಗಗಳು ಬಿಸಿಲು ಬೀಳುವ ಕಡೆ, ಹೊಸ ಮರಿಗಳು ಕೊಟ್ಟ ನೂಲಿನಿಂದ ಹೊಸ ಮನೆ ಹೊಲಿದು, ಹಳೆಯದನ್ನು ಬಿಟ್ಟು ನಡೆದರು. ಹಳೇ ನೂಲು ಸವೆದಾಗ ಎಲೆಗಳು ಮೈ ಮುರಿದು ಮತ್ತೆ ನೆಟ್ಟಗಾದವು.

ಗೆದ್ದಲಜ್ಜ ಕೆಳಗಿನಿಂದ ಕತ್ತೆತ್ತಿ ನೋಡಿದ. "ಊರಿಗೆಲ್ಲ ನಾನೊಬ್ಬನೇ ಕಟ್ಟಡಗಾರ ಅಂದ್ಕೊಂಡಿದ್ದೆ," ಅಂದ. "ಇನ್ಮೇಲೆ ಇಬ್ಬರು ಅನ್ನಬೇಕು." ಅಂಥ ಮಾತನ್ನು ಅಜ್ಜ ಇನ್ಯಾರ ಬಗ್ಗೆಯೂ ಆಡಿದ್ದಿಲ್ಲ.

ಅದಕ್ಕೇ ಇವತ್ತಿಗೂ ಮಾವಿನ ಮರದಲ್ಲಿ ಎಲೆಗೆ ಎಲೆ ಸೇರಿಸಿ ಬಿಳೀ ನೂಲಿನಲ್ಲಿ ಹೊಲಿದ ಹಸಿರು ಮನೆ ಕಂಡರೆ ಕೋಲು ಹಾಕಬೇಡಿ. ಅದರೊಳಗೆ ಕೆಂಜಿಗದ ಮರಿ ಬರಿಮೈಯಲ್ಲೇ ಮಲಗಿರುತ್ತದೆ, ತನ್ನ ಹೊದಿಕೆಯನ್ನು ಎಲ್ಲರಿಗೂ ಹೊದಿಸಿ.