ಕಂಬಳಿಯೊಳಗಿನ ಬೆರಳು

ಪಣಕ್ಕಿದ್ದದ್ದು ನಲವತ್ತು ಕುರಿ, ಒಂದು ಮದುವೆ.

ಬಹಳ ಹಿಂದೆ, ನಮ್ಮಜ್ಜನ ಅಜ್ಜನೂ ಹುಟ್ಟದ ಕಾಲಕ್ಕೆ, ಕರೇಹಟ್ಟಿ ಅಂತ ಒಂದು ಊರು. ಅಲ್ಲಿನ ಕುರಿಸಂತೆಯಲ್ಲಿ ಮಾಳಿಂಗಪ್ಪ ಅಂತ ಒಬ್ಬ ದಲ್ಲಾಳಿ ಇದ್ದನಂತೆ. ಆ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಕೊಳ್ಳುವವ, ಮಾರುವವ ಇಬ್ಬರೂ ಕಂಬಳಿಯೊಳಗೆ ಕೈ ಹಾಕಿ, ಬೆರಳು ಹಿಡಿದೇ ವ್ಯಾಪಾರ ಕುದುರಿಸಬೇಕು. ಹಾಗೆ ಕತ್ತಲಲ್ಲೇ ಪಳಗಿದ ಬೆರಳು ಮಾಳಿಂಗಪ್ಪನದು. ಕುರಿಯ ಮೈ ಒತ್ತಿ ಇದು ಕೊಬ್ಬು, ಇದು ಬಾವು ಅನ್ನುತ್ತಿದ್ದವನು ಬರಬರುತ್ತ ಮನುಷ್ಯರ ಗಂಟನ್ನೂ ಹೇಳತೊಡಗಿದನಂತೆ. ಮೆತ್ತಗಿದ್ದು, ನೋಯದೆ, ಬೆರಳ ಕೆಳಗೆ ಜಾರಿದರೆ ಕೊಬ್ಬಿನ ಗಂಟು, ಅದರ ಪಾಡಿಗೆ ಬಿಡು ಅನ್ನುವನಂತೆ. ಗಟ್ಟಿಯಾಗಿದ್ದು, ಬೇರುಬಿಟ್ಟಂತೆ ಕದಲದಿದ್ದರೆ, ನೋಡನೋಡುತ್ತ ಬೆಳೆದರೆ, ಈ ವ್ಯಾಪಾರ ನನ್ನದಲ್ಲ, ಇವತ್ತೇ ಪಟ್ಟಣದ ವೈದ್ಯರನ್ನು ಕಾಣು ಅನ್ನುವನಂತೆ. ಗೊತ್ತಿಲ್ಲದ ಮಾಲಿಗೆ ಆತ ಬೆಲೆ ಕಟ್ಟಿದವನೇ ಅಲ್ಲ.

ಆ ಊರಿನ ಹುಲಿಗೆವ್ವನಿಗೆ ಮದುವೆ ಗೊತ್ತಾಗಿ, ಗಂಡಿನವರು ಹೆಣ್ಣಿನ ತೆರ ಅಂತ ಅಪ್ಪನಿಗೆ ನಲವತ್ತು ಕುರಿ ಕೊಟ್ಟಿದ್ದರು. ಅಷ್ಟರಲ್ಲಿ ಹುಡುಗಿಯ ತೋಳಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಂಡಿತು. ಗಂಡಿನ ಸೋದರಮಾವ ಕೊಟ್ರಗೌಡ ಬಂದು ಕೂತ. ಇದು ಅಂಟುರೋಗ, ಬರೆ ಹಾಕಿ ಸುಡಿ, ಇಲ್ಲಾ ನಮ್ಮ ಕುರಿ ವಾಪಸು ಹೊಡೀರಿ ಅಂದ. ಅಪ್ಪ ಬೇರೆ ದಾರಿ ಕಾಣದೆ ಕುಡುಗೋಲು ಕಾಯಲಿಟ್ಟ. ಮಾಳಿಂಗಜ್ಜ ಮುಟ್ಟಿ ನೋಡದೆ ತೋಳು ಕೊಡುವುದಿಲ್ಲ ಅಂತ ಹುಡುಗಿ ಹಠ ಹಿಡಿದಳಂತೆ.

ಮಾಳಿಂಗಪ್ಪ ಬಂದ. ಹೆಣ್ಣುಮಗಳ ತೋಳಲ್ಲವೇ, ನಡುವೆ ಕಂಬಳಿ ಹಿಡಿದರು. ಈಚೆಯಿಂದ ಕೈ ತೂರಿಸಿದ, ಒತ್ತಿದ, ಜರುಗಿಸಿದ. "ಕೊಬ್ಬು. ಕುಡುಗೋಲು ಅತ್ತ ತೆಗೀರಿ" ಅಂದ.

ಇದು ಹೇಳಿಕೊಟ್ಟ ಮಾತು, ಇನ್ನೊಮ್ಮೆ ನೋಡಲಿ ಅಂದ ಕೊಟ್ರಗೌಡ. ಮುದುಕನನ್ನು ಹೊರಗೆ ಕಳಿಸಿ, ಹುಡುಗಿಯನ್ನು ಎಬ್ಬಿಸಿ, ತಾನೇ ಕಂಬಳಿಯ ಹಿಂದೆ ಕೂತು ಮೊಣಕೈವರೆಗೆ ಕೈ ಚಾಚಿದ. ಗಂಟಿಲ್ಲದ ಕೈಗೂ ಮುದುಕ ಕೊಬ್ಬು ಅಂದರೆ ಬಣ್ಣ ಬಯಲು, ಅನ್ನೋದು ಅವನ ಎಣಿಕೆ. ಆದರೆ ಮಾಳಿಂಗಪ್ಪನ ಬೆರಳು ಮೊಣಕೈಗೆ ನಿಲ್ಲಲಿಲ್ಲವಂತೆ. ಹುಡುಕುತ್ತ ಭುಜದವರೆಗೆ ಏರಿತಂತೆ.

"ಇಲ್ಲೂ ಕೊಬ್ಬಿನ ಗಂಟೇ. ಹುಡುಗಿದಕ್ಕಿಂತ ದೊಡ್ಡದು, ಬಾಳ ವರ್ಷದ್ದು. ಆದರ ಗೌಡ್ರ, ಈ ತೋಳಿಗೆ ಕೂದಲು ಹೆಚ್ಚಾತು."

ಗೌಡ ಅದನ್ನು ಹೆಂಡತಿಗೂ ತೋರಿಸಿರಲಿಲ್ಲವಂತೆ, ಕೆಟ್ಟ ಗಂಟೆಂಬ ಭಯಕ್ಕೆ. ಆಗ ಹುಲಿಗೆವ್ವ ಅಂದಳಂತೆ: "ಮಾವ, ಕುಡುಗೋಲು ಇನ್ನೂ ಬಿಸಿ ಐತಿ. ಮೊದಲು ಯಾರದು?"

ಗೌಡನೇ ಮೊದಲು ನಕ್ಕನಂತೆ.

ಇವತ್ತಿಗೂ ಆ ಸೀಮೆಯಲ್ಲಿ ಮದುವೆ ಗೊತ್ತು ಮಾಡುವಾಗ ಎರಡೂ ಕಡೆಯ ಹಿರಿಯರು ಕಂಬಳಿಯೊಳಗೆ ಕೈ ಹಾಕಿ ಒಬ್ಬರ ತೋಳು ಒಬ್ಬರು ಒತ್ತಿ ನೋಡುತ್ತಾರೆ. ಆಮೇಲೆಯೇ ಎಲೆ ಅಡಿಕೆ.

ಇನ್ನು ಅವತ್ತಿನ ಗಳಿಕೆ. ಹುಲಿಗೆವ್ವನಿಗೆ ಸುಡದ ತೋಳು, ಜೊತೆಗೊಬ್ಬ ಗಂಡ. ಅಪ್ಪನಿಗೆ ನಲವತ್ತು ಕುರಿ. ಗೌಡನಿಗೆ ವರ್ಷಗಟ್ಟಲೆ ಬಾರದಿದ್ದ ನಿದ್ದೆ. ಮಾಳಿಂಗಪ್ಪನಿಗೆ ಆ ಕಂಬಳಿ. ಗಂಟುಗಳು ಎರಡೂ ಕೊನೆತನಕ ಇದ್ದಲ್ಲೇ ಇದ್ದವಂತೆ.